ಹಡಗು ರೋಮ್‌ಗೆ ಬರಲ್ಲ: ಬಂದರಿನಿಂದ ಹೋಟೆಲ್‌ಗೆ ಕಾರು ಬುಕ್ ಮಾಡೋ ಮುಂಚೆ

ಅಪ್ಪ-ಅಮ್ಮನ ಜೊತೆ ಕ್ರೂಸ್ ಹಡಗಿನಲ್ಲಿ ತೆಗೆದ ಫೋಟೋ ಹಾಕಿದ ಮೇಲೆ ಸುಮಾರು ಮೆಸೇಜ್ ಬಂದವು. ಎಲ್ಲರದ್ದೂ ಒಂದೇ ಪ್ರಶ್ನೆ: ಕ್ರೂಸ್‌ಗೆ ಎಷ್ಟಾಯ್ತು? ಅದನ್ನ ಇನ್ನೊಂದು ಎಪಿಸೋಡ್‌ನಲ್ಲಿ ಹೇಳ್ತೀನಿ. ಒಬ್ಬರು ಮಾತ್ರ ಬೇರೆ ಕೇಳಿದ್ರು. "ಹಡಗು ಇಳಿದ ಮೇಲೆ ರೋಮ್‌ಗೆ ಹೇಗೆ ಹೋದ್ರಿ? ನಮ್ಮ ಅತ್ತೆ-ಮಾವನ ಜೊತೆ ಹೊರಟಿದ್ದೀವಿ, ಕಾರು ಬುಕ್ ಮಾಡ್ಬೇಕಾ?" ಅಂತ. ಇವತ್ತಿನ ಮಾತು ಅವರಿಗೆ. ಯಾಕಂದ್ರೆ ಏಳು ದಿನದ ಪ್ರವಾಸದಲ್ಲಿ ನಾನು ಎಡವಿದ್ದು ಅಲ್ಲೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಟಿಕೆಟ್ ಮೇಲೆ 'ಬಾರ್ಸಿಲೋನಾದಿಂದ ರೋಮ್' ಅಂತ ಇರುತ್ತೆ. ಆದ್ರೆ ರೋಮ್ ನಗರಕ್ಕೆ ದೊಡ್ಡ ಹಡಗು ಬರಲ್ಲ. ಅದು ನಿಲ್ಲೋದು ಚಿವಿತಾವೆಕ್ಕಿಯಾ ಅನ್ನೋ ಊರಲ್ಲಿ. ಅಲ್ಲಿಂದ ರೋಮ್‌ನ ಮಧ್ಯಭಾಗಕ್ಕೆ ಸುಮಾರು 80 ಕಿಲೋಮೀಟರ್. ಬೆಂಗಳೂರು ಅಂತ ಟಿಕೆಟ್ ಕೊಟ್ಟು ತುಮಕೂರಲ್ಲಿ ಇಳಿಸಿದ ಹಾಗೆ ಅಂದ್ಕೊಳ್ಳಿ. ಮೋಸ ಏನಲ್ಲ, ಕೆಳಗೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಎರಡನೇ ಶತಮಾನದ ಆರಂಭದಲ್ಲಿ ಟ್ರೇಜನ್ ಚಕ್ರವರ್ತಿ ಕಟ್ಟಿಸಿದ ಬಂದರು ಅದು, ಹಾಗಾಗಿ ರೋಮ್‌ನ ಬಂದರು ಅನ್ನೋದು ಸುಳ್ಳೂ ಅಲ್ಲ. ಇದೇ ಆಟ ಬೇರೆ ಕಡೆನೂ ಇದೆ. 'ಫ್ಲಾರೆನ್ಸ್' ಅಂದ್ರೆ ಲಿವೋರ್ನೋ, 'ಪ್ಯಾರಿಸ್' ಅಂದ್ರೆ ಲ ಹಾವ್ರ್, 'ಲಂಡನ್' ಅಂದ್ರೆ ಬಹಳ ಸಲ ಸೌತಾಂಪ್ಟನ್, 'ಬ್ಯಾಂಕಾಕ್' ಅಂದ್ರೆ ಲೇಮ್ ಚಬಾಂಗ್. ಕ್ರೂಸ್ ಬುಕ್ ಮಾಡೋ ದಿನವೇ ಮ್ಯಾಪ್ ತೆಗೆದು ಬಂದರಿನಿಂದ ಊರಿಗೆ ಎಷ್ಟು ದೂರ ಅಂತ ನೋಡಿ. ಆ ಖರ್ಚು ಪ್ಯಾಕೇಜ್‌ನಲ್ಲಿ ಸಾಮಾನ್ಯವಾಗಿ ಸೇರಿರಲ್ಲ.

ಈಗ ನಮ್ಮ ಕಥೆ. ನಮ್ಮಪ್ಪ ಸಾರಿಗೆ ಸಂಸ್ಥೆಯಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವರು. ಬಸ್‌ಸ್ಟ್ಯಾಂಡ್‌ನ ಆ ಸಣ್ಣ ರೂಮಿನಲ್ಲಿ ಕೂತು ಯಾವ ಬಸ್ಸು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯ್ತು ಅಂತ ಬರೆಯೋ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ರು. ಹೋದ ವರ್ಷ ರಿಟೈರ್ ಆದ್ರು. ನನ್ನ ಉಳಿತಾಯ, ಅವರ ಗ್ರಾಚ್ಯುಯಿಟಿಯಲ್ಲಿ ಒಂದು ಪಾಲು ಸೇರಿಸಿ ಈ ಪ್ರವಾಸ ಮಾಡಿದ್ವಿ. ಅಮ್ಮನಿಗೆ ಎರಡೂ ಮಂಡಿ ಸವೆದಿದೆ. ಡಾಕ್ಟರು ಆಪರೇಷನ್ ಅಂದಿದ್ದಾರೆ, ಅಮ್ಮ ಮುಂದೂಡ್ತಾ ಇದ್ದಾರೆ. ಹಡಗು ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು: ಲಿಫ್ಟ್ ಇದೆ, ಊಟ ಅಲ್ಲೇ, ಕೂತಲ್ಲಿಗೇ ಊರು ಬರುತ್ತೆ. ಕಷ್ಟ ಇರೋದು ಹತ್ತೋದು, ಇಳಿಯೋದು.

ಲಗೇಜು ನಾಲ್ಕು ಸೂಟ್‌ಕೇಸ್. ಮೂರು ಜನಕ್ಕೆ ನಾಲ್ಕು ಯಾಕೆ ಅಂತ ಕೇಳ್ಬೇಡಿ, ನಾಲ್ಕನೇದು ಅವಲಕ್ಕಿ, ಚಟ್ನಿಪುಡಿ, ಹುರಿಟ್ಟು. ಎಲೆಕ್ಟ್ರಿಕ್ ಕೆಟಲ್ ಕೂಡ ಇತ್ತು. ಹಡಗಿನವರು ಅದನ್ನ ಹತ್ತುವಾಗಲೇ ತೆಗೆದಿಟ್ಟು, ಇಳಿಯೋವಾಗ ವಾಪಸ್ ಕೊಟ್ರು.

ದಾರಿಗಳು ಏನೇನಿದ್ವು ಅಂದ್ರೆ, ಮೊದಲನೇದು ರೈಲು. ಬಂದರಿನೊಳಗೆ ಓಡೋ ಶಟಲ್ ಬಸ್ಸು ನಿಮ್ಮನ್ನ ಲಾರ್ಗೋ ದೆಲ್ಲಾ ಪಾಚೆ ಅನ್ನೋ ಜಾಗಕ್ಕೆ ಬಿಡುತ್ತೆ. ಅಲ್ಲಿಂದ ಸಿಟಿ ಬಸ್ಸಲ್ಲೋ ನಡ್ಕೊಂಡೋ ರೈಲ್ವೆ ಸ್ಟೇಷನ್. ಅಲ್ಲಿಂದ ರೀಜನಲ್ ರೈಲು, ಒಬ್ಬರಿಗೆ ಐದು ಯೂರೋ ಆಸುಪಾಸು, ರೋಮ್‌ಗೆ ಒಂದು ಗಂಟೆ ಚಿಲ್ಲರೆ. ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಸ್ಟೇಷನ್‌ನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸ್ಕೋಬೇಕು, ಮರೆತ್ರೆ ದಂಡ. ಇಟಲಿಯಲ್ಲಿ ರೈಲು ಮುಷ್ಕರನೂ ಆಗಾಗ ಇರುತ್ತೆ, ಮುಂಚೆನೇ ಘೋಷಣೆ ಮಾಡಿರ್ತಾರೆ, ಹೊರಡೋ ವಾರ ಒಮ್ಮೆ ನೋಡ್ಕೊಳ್ಳಿ. ನಾನು ಪ್ರಾಮಾಣಿಕವಾಗಿ ಹೇಳ್ತೀನಿ: ನೀವಿಬ್ಬರೇ, ವಯಸ್ಸಲ್ಲಿ ಚಿಕ್ಕವರು, ಬೆನ್ನಿಗೊಂದು ಬ್ಯಾಗು ಅಂದ್ರೆ ರೈಲಲ್ಲೇ ಹೋಗಿ. ಮುಂದಿನ ಮಾತು ಕೇಳೋ ಅಗತ್ಯನೇ ಇಲ್ಲ.

ಎರಡನೇದು ಹಡಗಿನವರದೇ ಬಸ್ಸು. ನಮ್ಮ ಆಪ್‌ನಲ್ಲಿ ಒಬ್ಬರಿಗೆ 55 ಯೂರೋ ತೋರಿಸ್ತಿತ್ತು. ಮೂವರಿಗೆ 165. ಅದೂ ಹೋಟೆಲ್ ಬಾಗಿಲಿಗಲ್ಲ, ಊರಲ್ಲಿ ಒಂದು ಕಡೆ ಇಳಿಸ್ತಾರೆ. ನಮ್ಮ ಹೋಟೆಲ್ ಪ್ಯಾಂಥಿಯನ್ ಹತ್ತಿರ ಒಂದು ಗಲ್ಲಿಯಲ್ಲಿ. ಅಲ್ಲಿನ ರಸ್ತೆ ಪೂರ್ತಿ ಸಣ್ಣ ಸಣ್ಣ ಕಪ್ಪು ಕಲ್ಲು ಜೋಡಿಸಿದ್ದು. ಸೂಟ್‌ಕೇಸ್ ಚಕ್ರಕ್ಕೂ ಕಷ್ಟ, ಮಂಡಿಗೂ ಕಷ್ಟ.

ಮೂರನೇದು ನಮಗಾಗಿಯೇ ಒಂದು ಕಾರು. ಕಾಮರ್ಸ್ ಓದಿದವಳು ನಾನು, ಎಕ್ಸೆಲ್ ಶೀಟ್ ಮಾಡ್ದೆ. ಆರು ಕಡೆ ರೇಟ್ ಕೇಳ್ದೆ. 150ರಿಂದ 220 ಯೂರೋ ತನಕ ಬಂತು. ಲೆಕ್ಕಕ್ಕೆ ಯೂರೋ ಅಂದ್ರೆ 100 ರೂಪಾಯಿ ಅಂತ ಇಟ್ಕೊಳ್ಳಿ. 80 ಕಿಲೋಮೀಟರ್‌ಗೆ 15ರಿಂದ 22 ಸಾವಿರ! ಅಪ್ಪನಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. "ಪುಟ್ಟಿ, ಇಷ್ಟು ದುಡ್ಡಲ್ಲಿ ಶಿವಮೊಗ್ಗದಿಂದ ತಿರುಪತಿಗೆ ಹೋಗಿ ಬರಬಹುದು" ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು: "ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತೆ?"

ನಾನು ನಕ್ಕೆ. "ಅಪ್ಪಾ, ಅದು ಬಸ್‌ಸ್ಟ್ಯಾಂಡ್ ಅಲ್ಲ" ಅಂದೆ.

ಅಷ್ಟರಲ್ಲಿ ಒಂದು ಬುಕಿಂಗ್ ಆಪ್‌ನಲ್ಲಿ 95 ಯೂರೋ ಕಂಡಿತು. ಹೆಸರು ಹೇಳಲ್ಲ, ಅಂಥವು ಬಹಳ ಇವೆ. 'ಡೋರ್ ಟು ಡೋರ್, ಮೀಟ್ ಆಂಡ್ ಗ್ರೀಟ್', ಹಸಿರು ಟಿಕ್ ಮಾರ್ಕು. ಆರು ಸಾವಿರ ಉಳೀತು ಅಂತ ಅಪ್ಪನ ಮುಂದೆ ಕಾಲರ್ ಏರಿಸಿದ್ದೂ ಆಯ್ತು. ನಿಜ ಹೇಳ್ಬೇಕಂದ್ರೆ ಅಮ್ಮನ ಮಂಡಿಗಿಂತ ಅಪ್ಪನ ಶಾಭಾಸ್ ನನಗೆ ಮುಖ್ಯ ಆಗಿತ್ತು ಆ ಹೊತ್ತಲ್ಲಿ.

ಇಂಥ ಆಪ್ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಆಪ್‌ನವರ ಹತ್ತಿರ ಕಾರಿಲ್ಲ. ನಿಮ್ಮ ಹತ್ತಿರ ದುಡ್ಡು ತಗೊಂಡು, ಆ ಕೆಲಸವನ್ನ ಸ್ಥಳೀಯ ಕಾರಿನವರ ಮುಂದೆ ಇಡ್ತಾರೆ. ಕಡಿಮೆಗೆ ಒಪ್ಪಿದವರು ಬರ್ತಾರೆ. ಕಡಿಮೆಗೆ ಒಪ್ಪಿದ ಮನುಷ್ಯನಿಗೆ ಅವತ್ತು ಇನ್ನೂ ಎರಡು ಟ್ರಿಪ್ ಹೊಡೆದ್ರೇನೇ ಗಿಟ್ಟೋದು. ಅವನು ನಿಮಗೋಸ್ಕರ ಎಷ್ಟು ಹೊತ್ತು ನಿಲ್ತಾನೆ? ಷರತ್ತಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹೊತ್ತು. ಬೇರೆಯವರಿಗೆ ದುಡ್ಡಿನ ಪಾಠ ಹೇಳೋ ನಾನು ಆ ಷರತ್ತು ಓದಿರಲಿಲ್ಲ.

ಫಾರಂ ತುಂಬೋವಾಗ 'ಪಿಕ್‌ಅಪ್ ಜಾಗ' ಅನ್ನೋ ಕಡೆ 'ಚಿವಿತಾವೆಕ್ಕಿಯಾ ಬಂದರು' ಅಂತ ಆಯ್ಕೆ ಮಾಡ್ದೆ. ಸಮಯ ಬೆಳಗ್ಗೆ 8. ಹಡಗು 7ಕ್ಕೆ ಬರುತ್ತೆ ಅಂತ ಇತ್ತು, ಒಂದು ಗಂಟೆ ಸಾಕು ಅಂದ್ಕೊಂಡೆ. ಹಡಗಿನ ಹೆಸರು ಕೇಳಿರಲಿಲ್ಲ, ನಾನೂ ಬರೀಲಿಲ್ಲ. ಫೋನ್ ನಂಬರ್ ನನ್ನ ಇಂಡಿಯಾ ನಂಬರ್.

ಇಳಿಯೋ ದಿನ ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಹಿಂದಿನ ರಾತ್ರಿ ದೊಡ್ಡ ಲಗೇಜಿಗೆ ಬಣ್ಣದ ಚೀಟಿ ಕಟ್ಟಿ ರೂಮಿನ ಹೊರಗೆ ಇಡ್ಬೇಕು. ಬೆಳಗ್ಗೆ ಬಣ್ಣ ಬಣ್ಣದ ಪ್ರಕಾರ ಕರೀತಾರೆ. ಲಗೇಜು ಕೆಳಗೆ ಟರ್ಮಿನಲ್‌ನ ಹಾಲ್‌ನಲ್ಲಿ ಸಾಲಾಗಿ ನಿಂತಿರುತ್ತೆ, ಹುಡುಕ್ಕೋಬೇಕು. ಅವಸರ ಇರೋರು ಎಲ್ಲ ಲಗೇಜು ತಾವೇ ಎಳ್ಕೊಂಡು ಮೊದಲು ಇಳೀಬಹುದು, ಆದ್ರೆ ಅದು ತೋಳಲ್ಲಿ ಬಲ ಇರೋರಿಗೆ. ನಮ್ಮ ಬಣ್ಣ ಕರೆದಾಗ 8 ಗಂಟೆ 20 ನಿಮಿಷ. ಅಮ್ಮ ನಿಧಾನ ಇಳಿದ್ರು. ಅವಲಕ್ಕಿ ಪೆಟ್ಟಿಗೆ ಸಿಗೋಕೆ ಇನ್ನೂ ಹೊತ್ತಾಯ್ತು. ಹಿಡಿಗೆ ಕೆಂಪು ಉಲ್ಲನ್ ಕಟ್ಟಿದ್ವಿ, ನೋಡಿದ್ರೆ ಇನ್ನೂ ನಾಲ್ಕು ಪೆಟ್ಟಿಗೆಗೆ ಕೆಂಪು ಉಲ್ಲನ್ನು. ಹೊರಗೆ ಬಂದಾಗ 8 ಗಂಟೆ 55 ನಿಮಿಷ.

ಹೊರಗೆ ಹೆಸರು ಬರೆದ ಕಾಗದ ಹಿಡಿದವರು ಹತ್ತಾರು ಜನ. ಒಂದೊಂದೇ ಓದಿದೆ. ನಮ್ಮ ಹೆಸರಿಲ್ಲ.

ನನ್ನ ಫೋನು ಏರೋಪ್ಲೇನ್ ಮೋಡ್‌ನಲ್ಲಿತ್ತು. ಸಮುದ್ರದಲ್ಲಿ ಫೋನು ತಾನಾಗೇ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕೊಳ್ಳುತ್ತೆ. ಅದು ನಮ್ಮ ಮಾಮೂಲಿ ರೋಮಿಂಗ್ ಪ್ಯಾಕ್‌ಗೆ ಸೇರಲ್ಲ, ಬಿಲ್ಲು ಬಂದ್ರೆ ಎದೆ ಒಡೆಯುತ್ತೆ. ಹಾಗಾಗಿ ಏಳು ದಿನ ಆಫ್. ಅದು ಸರಿ. ಆದ್ರೆ ದಡ ಮುಟ್ಟಿದ ತಕ್ಷಣ ಆನ್ ಮಾಡ್ಬೇಕಿತ್ತು, ಲಗೇಜಿನ ಗಡಿಬಿಡಿಯಲ್ಲಿ ಮರೆತೆ. 9:10ಕ್ಕೆ ಆನ್ ಮಾಡಿದ್ರೆ ಮೆಸೇಜುಗಳು ದಬದಬ ಬಿದ್ವು. 8:02ಕ್ಕೆ 'ಡ್ರೈವರ್ ಬಂದಿದ್ದಾರೆ, ಲಾರ್ಗೋ ದೆಲ್ಲಾ ಪಾಚೆ.' 8:18ಕ್ಕೆ 'ಕರೆ ಮಾಡಿದ್ದೇವೆ, ಸಿಗುತ್ತಿಲ್ಲ.' 8:31ಕ್ಕೆ 'ಪ್ರಯಾಣಿಕರು ಬರಲಿಲ್ಲ. ಬುಕಿಂಗ್ ಮುಗಿದಿದೆ.' ದುಡ್ಡು ವಾಪಸ್ ಇಲ್ಲ.

ನಾವು ಹಡಗಿನ ಪಕ್ಕದ ಟರ್ಮಿನಲ್ ಮುಂದೆ. ಅವನು ಬಂದರಿನ ಆ ತುದಿ, ಶಟಲ್ ಬಸ್ಸು ನಿಲ್ಲೋ ಕಡೆ. ಚಿವಿತಾವೆಕ್ಕಿಯಾ ಬಂದರು ಕಿಲೋಮೀಟರ್‌ಗಟ್ಟಲೆ ಉದ್ದ. ಒಂದೇ ದಿನ ನಾಲ್ಕೈದು ದೊಡ್ಡ ಹಡಗು ಬಂದು ಬೇರೆ ಬೇರೆ ಪಿಯರ್‌ಗಳಲ್ಲಿ ನಿಲ್ತವೆ, 12, 13, 25 ಹೀಗೆ ನಂಬರ್ ಇರುತ್ತೆ. ಅಪ್ಪ ಕೇಳಿದ ಪ್ಲಾಟ್‌ಫಾರಂ ಅಂದ್ರೆ ಅದೇ.

ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅಮ್ಮ ಅಲ್ಲಿ ಕೂರೋಕೆ ಜಾಗ ಇಲ್ಲದೆ ಅಡ್ಡ ಮಲಗಿಸಿದ ಸೂಟ್‌ಕೇಸ್ ಮೇಲೆ ಕೂತ್ರು. ಮಂಡಿ ಸವೆದವರಿಗೆ ಅಷ್ಟು ತಗ್ಗಲ್ಲಿ ಕೂರೋದೂ ಕಷ್ಟ, ಏಳೋದು ಇನ್ನೂ ಕಷ್ಟ. "ನಂಗೇನೂ ಆಗಿಲ್ಲ, ಸಮುದ್ರ ಕಾಣ್ತಿದೆ, ನೀನು ನೋಡ್ಕೋ" ಅಂದ್ರು. ಪರ್ಸ್‌ನಿಂದ ಮಾತ್ರೆ ತೆಗೆದು ನೀರಿಲ್ಲದೆ ನುಂಗಿದ್ದನ್ನ ನಾನು ನೋಡ್ದೆ. ನೋಡ್ದೆ ಅಂತ ಅವರಿಗೆ ಗೊತ್ತಾಗಬಾರದು ಅಂತ ಆ ಕಡೆ ತಿರುಗಿದೆ.

ಒಬ್ಬ ಬಂದ. ಬೆರಳಲ್ಲಿ ಕೀ ತಿರುಗಿಸ್ತಾ, "ರೋಮಾ? ರೋಮಾ? 250, ಕ್ಯಾಶ್" ಅಂದ. ನಾನು ಹೂಂ ಅನ್ನೋದ್ರಲ್ಲಿದ್ದೆ. ಅಪ್ಪ ನನ್ನ ತೋಳು ಹಿಡಿದ್ರು. "ಗಾಡಿ ಮೇಲೆ ಬೋರ್ಡಿಲ್ಲ, ಅವನ ಹತ್ರ ಬ್ಯಾಡ್ಜಿಲ್ಲ. ಬಸ್‌ಸ್ಟ್ಯಾಂಡ್ ಗೇಟಲ್ಲಿ ಜನ ಹತ್ತಿಸ್ಕೊಳ್ಳೋ ಮ್ಯಾಕ್ಸಿಕ್ಯಾಬ್‌ನವರ ಥರ ಇವನು. ಬೇಡ." ನಿಜವಾದ ಟ್ಯಾಕ್ಸಿ ಸಾಲು ಉದ್ದ ಇತ್ತು, ಬಂದ ಗಾಡಿಗಳಲ್ಲಿ ನಮ್ಮ ನಾಲ್ಕು ಪೆಟ್ಟಿಗೆ ಹಿಡಿಸೋ ಹಾಗಿರಲಿಲ್ಲ.

ಆಗ ಎಕ್ಸೆಲ್ ಶೀಟ್ ನೆನಪಾಯ್ತು. ನಾನು ಬೇಡ ಅಂದಿದ್ದ ಆರು ಕೊಟೇಶನ್‌ಗಳಲ್ಲಿ 165 ಯೂರೋದ್ದು ಒಂದಿತ್ತು, ಆ ಊರಿನದೇ ಒಂದು ಸಣ್ಣ ಕಂಪನಿ. ಫೋನ್ ಮಾಡ್ದೆ. ಒಬ್ಬ ಹೆಂಗಸು ತೆಗೆದ್ರು. ನಾನು ಅಳೋ ಹಾಗೆ ಏನೇನೋ ಹೇಳ್ದೆ. ಅವರು ಮೂರೇ ಪ್ರಶ್ನೆ ಕೇಳಿದ್ರು. ಯಾವ ಹಡಗು? ಎಷ್ಟು ಪೆಟ್ಟಿಗೆ? ನಡೆಯೋಕೆ ಕಷ್ಟ ಇರೋರು ಯಾರಾದ್ರೂ ಇದ್ದಾರಾ? ಹಡಗಿನ ಹೆಸರು ಹೇಳಿದ ತಕ್ಷಣ ಪಿಯರ್ ನಂಬರ್ ಅವರೇ ಹೇಳಿದ್ರು. "ಅಲ್ಲಿಂದ ಕದಲಬೇಡಿ. ಒಂದು ವ್ಯಾನ್ ರೋಮ್‌ನಿಂದ ಜನರನ್ನ ಕರ್ಕೊಂಡು ಬಂದರಿಗೇ ಬರ್ತಿದೆ, ನಲವತ್ತು ನಿಮಿಷ, 180 ಯೂರೋ" ಅಂದ್ರು.

ಬಂದವರು ಅಪ್ಪನ ವಯಸ್ಸಿನವರು. ಕಾಗದದ ಮೇಲೆ ಪೆನ್ನಲ್ಲಿ ಅಪ್ಪನ ಹೆಸರು ಬರ್ಕೊಂಡು ಬಂದಿದ್ರು, ಒಂದಕ್ಷರ ತಪ್ಪು. ಹಿಂದಿನಿಂದ ಒಂದು ಪುಟ್ಟ ಸ್ಟೂಲ್ ತೆಗೆದು ಅಮ್ಮನ ಕಾಲಿನ ಮುಂದೆ ಇಟ್ರು. ಆ ಸ್ಟೂಲು ಯಾವ ರೇಟ್ ಕಾರ್ಡ್‌ನಲ್ಲೂ ಇರಲಿಲ್ಲ.

ಆ ಗಾಡಿಯ ಹಿಂದೆ 'ಎನ್‌ಸಿಸಿ' ಅಂತ ಒಂದು ಸಣ್ಣ ಫಲಕ ಇತ್ತು. ಪರೇಡ್ ಮಾಡೋ ನಮ್ಮ ಎನ್‌ಸಿಸಿ ಅಲ್ಲ! 'ನೊಲೆಜ್ಜೋ ಕೊನ್ ಕೊಂದುಚೆಂತೆ' ಅಂತ, ಅಂದ್ರೆ ಚಾಲಕನ ಸಮೇತ ಬಾಡಿಗೆ ಗಾಡಿ. ಇಟಲಿಯಲ್ಲಿ 1992ರ ಒಂದು ಕಾನೂನು ಟ್ಯಾಕ್ಸಿಗೂ ಇದಕ್ಕೂ ಬೇರೆ ಬೇರೆ ನಿಯಮ ಮಾಡಿದೆ. ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಿಂತು ಯಾರು ಬಂದ್ರೂ ಹತ್ತಿಸ್ಕೋಬಹುದು. ಎನ್‌ಸಿಸಿ ಗಾಡಿ ಹಾಗೆ ರಸ್ತೆಯಲ್ಲಿ ಗಿರಾಕಿ ಹುಡುಕೋ ಹಾಗಿಲ್ಲ, ಮುಂಚೆನೇ ಬುಕ್ ಆಗಿರಬೇಕು. ಅಂದ್ರೆ ಕೀ ತಿರುಗಿಸ್ತಾ ಬಂದು 'ರೋಮಾ ರೋಮಾ' ಅನ್ನೋನು ಎರಡರಲ್ಲಿ ಯಾವುದೂ ಅಲ್ಲ. ಬುಕ್ ಮಾಡೋವಾಗ "ನಿಮ್ಮ ಗಾಡಿಗೆ ಎನ್‌ಸಿಸಿ ಪರವಾನಗಿ ಇದೆಯಾ" ಅಂತ ಒಂದು ಸಾಲು ಬರೆದು ಕೇಳಿ. ಇರೋರು ತಕ್ಷಣ ಉತ್ತರ ಕೊಡ್ತಾರೆ.

ಇನ್ನೊಂದು ಉಪಯೋಗ ಊರೊಳಗೆ ಗೊತ್ತಾಯ್ತು. ರೋಮ್‌ನ ಹಳೇ ಊರಿನ ಸುಮಾರು ಭಾಗ 'ಜೆಡ್‌ಟಿಎಲ್', ಅಂದ್ರೆ ನಿಗದಿತ ಹೊತ್ತಲ್ಲಿ ಅನುಮತಿ ಇರೋ ಗಾಡಿಗಳಿಗೆ ಮಾತ್ರ ಪ್ರವೇಶ. ಕ್ಯಾಮೆರಾ ಇರುತ್ತೆ, ಉಳಿದವರು ಒಳಗೆ ಬಂದ್ರೆ ದಂಡದ ಚೀಟಿ ಮನೆಗೆ ಬರುತ್ತೆ. ಅನುಮತಿ ಇಲ್ಲದ ಗಾಡಿಯವನು ನಿಮ್ಮನ್ನ ಗಡಿಯಲ್ಲೇ ಇಳಿಸಿ "ಅಲ್ಲೇ, ಐದು ನಿಮಿಷ" ಅಂತಾನೆ. ನಮ್ಮ ಗಾಡಿ ಹೋಟೆಲ್ ಮೆಟ್ಟಿಲಿಗೇ ಹೋಯ್ತು.

ದಾರಿಯಲ್ಲಿ ಅಪ್ಪ ಮುಂದಿನ ಸೀಟಲ್ಲಿ ಕೂತು, ಫೋನ್‌ನ ಅನುವಾದದ ಆಪ್ ಹಿಡ್ಕೊಂಡು ಆ ಡ್ರೈವರ್ ಜೊತೆ ಮಾತಾಡಿದ್ದೇ ಮಾತಾಡಿದ್ದು. ಡೀಸೆಲ್ ಲೀಟರಿಗೆಷ್ಟು, ದಿನಕ್ಕೆ ಎಷ್ಟು ಗಂಟೆ ಡ್ಯೂಟಿ, ಪಿಂಚಣಿ ಇದೆಯಾ. ಅಮ್ಮ ಹಿಂದೆ ಕಣ್ಣು ಮುಚ್ಕೊಂಡಿದ್ರು. ನಿದ್ದೆ ಅಂದ್ಕೊಂಡೆ.

ಲೆಕ್ಕ ಹೇಳ್ತೀನಿ. 95 ಹೋಯ್ತು, 180 ಕೊಟ್ಟಾಯ್ತು, ಒಟ್ಟು 275 ಯೂರೋ. ಮೊದಲೇ 165 ಒಪ್ಪಿದ್ರೆ 110 ಯೂರೋ, ಅಂದ್ರೆ 11 ಸಾವಿರ ಉಳೀತಿತ್ತು. ನಾನು ಉಳಿಸೋಕೆ ಹೋಗಿದ್ದು ಆರೇಳು ಸಾವಿರ. ಆಪ್‌ನವರಿಗೆ ಬರೆದೆ. ಷರತ್ತಿನ ಸಾಲು ಕಳಿಸಿದ್ರು: 'ನಿಗದಿತ ಪಿಕ್‌ಅಪ್ ಸಮಯದಿಂದ 30 ನಿಮಿಷ ಕಾಯಲಾಗುವುದು.' ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕಿದೆ, ಅದೂ ನಿಲ್ಲಲಿಲ್ಲ. ಯಾಕಂದ್ರೆ ಅವರ ಪ್ರಕಾರ ಕಾರು ಬಂದಿತ್ತು, ಬರದೇ ಇದ್ದದ್ದು ನಾವು. ಕಾಗದದ ಮೇಲೆ ಅವರು ಸರಿ. ಆ ಡ್ರೈವರ್‌ನದ್ದೂ ತಪ್ಪಿಲ್ಲ, ಅವನು ಹೇಳಿದ ಹೊತ್ತಿಗೆ ಹೇಳಿದ ಕಡೆ ನಿಂತಿದ್ದ.

ಈ ಎಕ್ಸೆಲ್‌ನಲ್ಲಿ ಸೇರದ ಒಂದು ಸಾಲಿದೆ. ರೋಮ್‌ನಲ್ಲಿ ನಮಗಿದ್ದದ್ದು ಮೂರು ದಿನ. ಮೊದಲ ದಿನ ಪೂರ್ತಿ, ಎರಡನೇ ದಿನ ಮಧ್ಯಾಹ್ನದವರೆಗೆ ಅಮ್ಮ ಹೋಟೆಲ್ ರೂಮ್ ಬಿಟ್ಟು ಏಳಲಿಲ್ಲ. ಮಂಡಿ ಊದಿಕೊಂಡಿತ್ತು. ಕಿಟಕಿಯಿಂದ ಎದುರಿನ ಗೋಡೆ ಕಾಣ್ತಿತ್ತು. "ನೀವಿಬ್ರೂ ಹೋಗಿ ಬನ್ನಿ, ಫೋಟೋ ತೋರಿಸಿ ಸಾಕು" ಅಂದ್ರು. ಪ್ಯಾಂಥಿಯನ್ ಇನ್ನೂರು ಹೆಜ್ಜೆ ದೂರದಲ್ಲಿತ್ತು.

ಊರಿಗೆ ಬಂದ ಮೇಲೆ ಮಂಗಳೂರಿನ ನಮ್ಮ ಭಾವನಿಗೆ ಈ ಕಥೆ ಹೇಳ್ದೆ. ದೊಡ್ಡಮ್ಮನ ಅಳಿಯ, ಟೂರಿಸ್ಟ್ ಕಾರು ಓಡಿಸ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೂ ಸೀಸನ್‌ನಲ್ಲಿ ವಿದೇಶದ ಕ್ರೂಸ್ ಹಡಗು ಬರುತ್ತಲ್ಲ, ಆ ಪ್ರವಾಸಿಗರನ್ನ ಮೂಡುಬಿದಿರೆ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಅಂತ ಕರ್ಕೊಂಡು ಹೋಗೋ ಡ್ಯೂಟಿ ಅವರಿಗೆ ಆಗಾಗ ಸಿಗುತ್ತೆ. ನಾನು ಕಾರು ಕಡೆಯಿಂದ ನೋಡಿರಲೇ ಇಲ್ಲ, ಅವರು ಅಲ್ಲಿಂದಲೇ ನೋಡೋರು. ಕೇಳಿ ನಕ್ಕುಬಿಟ್ರು. "ನೀನು ಕಿಲೋಮೀಟರ್ ಲೆಕ್ಕ ಹಾಕಿದ್ದೀ ಮಾರಾಯ್ತಿ. ಹಡಗಿನ ಡ್ಯೂಟಿ ಅಂದ್ರೆ ಓಡಿಸುವ ಡ್ಯೂಟಿ ಅಲ್ಲ, ಕಾಯುವ ಡ್ಯೂಟಿ. ಹಡಗು ಕಟ್ಟಬೇಕು, ಅವ್ರು ಬಿಡಬೇಕು, ಜನ ಇಳೀಬೇಕು. ನಾವು ಐದೂವರೆಗೇ ಹೋಗಿ ನಿಲ್ಲೋದು. ಕಾಯ್ಲಿಕ್ಕೆ ಆಗದವ ಕಡಿಮೆ ರೇಟ್ ಹೇಳ್ತಾನೆ" ಅಂದ್ರು.

ಹಾಗಾಗಿ ಅತ್ತೆ-ಮಾವನ ಜೊತೆ ಹೊರಟಿರೋ ಕೇಳುಗರೇ, ರೇಟ್ ಕೇಳೋ ಮುಂಚೆ ಇದನ್ನ ಕೇಳಿ: ಕಾಯೋ ಗಡಿಯಾರ ಯಾವಾಗ ಶುರುವಾಗುತ್ತೆ? ನಾನು ಬರೆದ ಸಮಯದಿಂದಲಾ, ಹಡಗು ನಿಜವಾಗಿ ದಡಕ್ಕೆ ಕಟ್ಟಿದ ಹೊತ್ತಿನಿಂದಲಾ? ಒಳ್ಳೆ ಕಂಪನಿಯವರು ಹಡಗಿನ ಹೆಸರು ಕೇಳಿಯೇ ಕೇಳ್ತಾರೆ. ದೊಡ್ಡ ಹಡಗುಗಳು ತಾವೆಲ್ಲಿದ್ದೀವಿ ಅಂತ ಸಿಗ್ನಲ್ ಬಿಡ್ತಾ ಇರ್ತವೆ, ಅದನ್ನ ಇಂಟರ್ನೆಟ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು. ಹೆಸರು ಇದ್ರೆ ಲೇಟಾದ್ರೂ ಅವರಿಗೆ ತಿಳಿಯುತ್ತೆ, ಪಿಯರ್ ಬದಲಾದ್ರೂ ತಿಳಿಯುತ್ತೆ. ಹೆಸರು ಕೇಳದವರ ಹತ್ತಿರ ಬುಕ್ ಮಾಡ್ಲೇಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಸಮಯ ಹಾಕೋವಾಗ ಹಡಗು ಬರೋ ಹೊತ್ತಿಗೆ ಎರಡು ಗಂಟೆ ಸೇರಿಸಿ. ವಯಸ್ಸಾದವರಿದ್ರೆ ಎರಡೂವರೆ. ಅದೇ ದಿನ ವಿಮಾನ ಇದ್ದು ನೇರ ಫಿಯುಮಿಚಿನೋ ಏರ್‌ಪೋರ್ಟ್‌ಗೆ ಹೋಗೋರಾದ್ರೆ, ಬೆಳಗಿನ ವಿಮಾನ ದಯವಿಟ್ಟು ಬೇಡ. 'ಮೀಟ್ ಆಂಡ್ ಗ್ರೀಟ್' ಅಂದ್ರೆ ಎಲ್ಲಿ, ಹಡಗಿನ ಪಕ್ಕದ ಟರ್ಮಿನಲ್ ಬಾಗಿಲಲ್ಲಾ, ಶಟಲ್ ನಿಲ್ದಾಣದಲ್ಲಾ, ಬರವಣಿಗೆಯಲ್ಲಿ ತಗೊಳ್ಳಿ. ಪೆಟ್ಟಿಗೆ ಎಷ್ಟು ಅಂತ ಸುಳ್ಳು ಹೇಳ್ಬೇಡಿ, ಚಟ್ನಿಪುಡಿ ಪೆಟ್ಟಿಗೆನೂ ಸೇರಿಸಿ ಹೇಳಿ. ವಾಟ್ಸಾಪ್ ನಂಬರ್ ಕೇಳಿ ಇಟ್ಕೊಳ್ಳಿ, ಇಳಿಯೋ ಬೆಳಗ್ಗೆ ಹಡಗಿನ ವೈಫೈ ಇದ್ರೆ ಅದರಲ್ಲೇ ಒಂದು ಮೆಸೇಜ್ ಹಾಕಿ.

ದುಡ್ಡು ಕೊಡೋದ್ರ ಬಗ್ಗೆ. ಕಾರ್ಡ್ ಮೆಷಿನ್ 'ರೂಪಾಯಿನಾ, ಯೂರೋನಾ' ಅಂತ ಕೇಳಿದ್ರೆ ಯೂರೋ ಒತ್ತಿ. ರೂಪಾಯಿ ಒತ್ತಿದ್ರೆ ಆ ಮೆಷಿನ್‌ನವರು ಹೇಳಿದ್ದೇ ವಿನಿಮಯ ದರ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಖರ್ಚಿಗೆ 3.5% ತನಕ ಮಾರ್ಕಪ್ ಇದೆ, ಅದರ ಮೇಲೆ 18% ಜಿಎಸ್‌ಟಿ. 18 ಸಾವಿರಕ್ಕೆ ಸುಮಾರು 743 ರೂಪಾಯಿ ಅಲ್ಲೇ ಹೋಗುತ್ತೆ. ನಗದು ಒಂದಿಷ್ಟು ಇಟ್ಕೊಳ್ಳಿ, ರೋಮ್‌ನ ಹೋಟೆಲ್‌ಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ನಗರ ತೆರಿಗೆ ಬೇರೆ ಕಟ್ಟಬೇಕು. ಬುಕಿಂಗ್ ರೇಟ್‌ನಲ್ಲಿ ಅದು ಎಷ್ಟೋ ಸಲ ಸೇರಿರಲ್ಲ.

ಮೂರನೇ ದಿನ ಅಮ್ಮ ಎದ್ರು. ನಮ್ಮಿಬ್ಬರ ತೋಳು ಹಿಡ್ಕೊಂಡು ಪ್ಯಾಂಥಿಯನ್ ತನಕ ನಡೆದ್ರು, ಇನ್ನೂರು ಹೆಜ್ಜೆಗೆ ಇಪ್ಪತ್ತು ನಿಮಿಷ. ಒಳಗೆ ಮೇಲೆ ಛಾವಣಿ ನಡುವೆ ದೊಡ್ಡ ಗುಂಡು ಕಿಂಡಿ ಇದೆ, ಆಕಾಶ ಕಾಣುತ್ತೆ. ಅಮ್ಮ ತಲೆ ಎತ್ತಿ ನೋಡಿ, "ಮಳೆ ಬಂದ್ರೆ?" ಅಂದ್ರು. ನೆಲದಲ್ಲಿ ನೀರು ಹೋಗೋಕೆ ತೂತುಗಳಿವೆ, ತೋರಿಸ್ದೆ. ನಮ್ಮ ಅಜ್ಜಿಮನೆ ತೊಟ್ಟಿ ಅಂಗಳ ನೆನಪಾಗಿ ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಗಂಟೆ ಏಳಲಿಲ್ಲ.

ವಾಪಸ್ ಏರ್‌ಪೋರ್ಟ್‌ಗೆ ಹೋಗೋ ಕಾರು ನಾನು ಬುಕ್ ಮಾಡಲಿಲ್ಲ, ಅಪ್ಪ ಮಾಡಿದ್ರು. ರೋಮ್‌ನ ಹಳೇ ಕೋಟೆಗೋಡೆಯೊಳಗಿಂದ ಫಿಯುಮಿಚಿನೋಗೆ ಬಿಳಿ ಟ್ಯಾಕ್ಸಿಗಳಿಗೆ ನಗರಾಡಳಿತವೇ ಒಂದು ನಿಗದಿ ದರ ಮಾಡಿದೆ, ಪೆಟ್ಟಿಗೆ ಸೇರಿ. ಹೋಟೆಲ್ ರಿಸೆಪ್ಶನ್‌ನಲ್ಲಿ ಅದನ್ನ ಕೇಳಿ ತಿಳ್ಕೊಂಡು ಅಪ್ಪನಿಗೆ ಬಹಳ ಸಮಾಧಾನ ಆಯ್ತು, "ಹಾಂ, ಸ್ಟೇಜ್ ರೇಟು" ಅಂದ್ರು. ಗಾಡಿ ಆರಕ್ಕೆ ಬರಬೇಕಿತ್ತು. ಅಪ್ಪ ಐದೂವರೆಗೇ ಬಾಗಿಲಲ್ಲಿ ನಿಂತಿದ್ರು. ಗಾಡಿ ಬಂದಾಗ ವಾಚ್ ನೋಡಿ ಜೇಬಿನ ಪುಟ್ಟ ಡೈರಿಯಲ್ಲಿ ಬರ್ಕೊಂಡ್ರು: 5.56, ನಾಲ್ಕು ನಿಮಿಷ ಮುಂಚೆ. ಅದೇ ಡೈರಿಯಲ್ಲಿ ಆ ವ್ಯಾನ್ ಡ್ರೈವರ್ ಬರೆದ, ಒಂದಕ್ಷರ ತಪ್ಪಿರೋ ಕಾಗದನೂ ಮಡಚಿ ಇಟ್ಟಿದ್ದಾರೆ.

ಅಮ್ಮನ ಆಪರೇಷನ್ ಮುಂದಿನ ತಿಂಗಳು. ಹಾಗಾಗಿ ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್‌ನ ವೇಟಿಂಗ್ ಪೀರಿಯಡ್ ಬಗ್ಗೆ ಮಾತಾಡೋಣ, ಅದರಲ್ಲೂ ಮಂಡಿ ಚಿಪ್ಪಿನ ವಿಷಯ. ನಿಮ್ಮ ಪ್ರಶ್ನೆ ಕಳಿಸ್ತಾ ಇರಿ.